ಬ್ಯಾನಿ ಪೂರ್ತಿ ಹೋತೇನ್ರಿ ಟೀಚರ್?

ಕೊಪ್ಪಳದಲ್ಲಿ ನನ್ನನ್ನು ಕಂಡವರು ಮೊದಲು ಕೇಳುವ ಮಾತು ಇದು. ಸಂತೆಯಲ್ಲಿ ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳುತ್ತಾರೆ. ಬೆನ್ನೊಳಗೆ ನರದ ನೋವು ತಗ್ಗಿಸುವ ಮಷೀನು ಹಾಕಿಸಿಕೊಂಡವಳು ಎಂದು ಗೊತ್ತಾದ ಮೇಲೆ ಕೇಳದೆ ಇರುವವರು ಕಡಿಮೆ. ಅವರ ಕಾಳಜಿ ನಿಜವಾದದ್ದು. ಆದರೆ "ಇಲ್ಲರೀ, ಪೂರ್ತಿ ಹೋಗಿಲ್ಲ" ಅಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ಅಷ್ಟು ದುಡ್ಡು ಸುರಿದು, ಅಷ್ಟು ಓಡಾಡಿ, ಇನ್ನೂ ನೋವಿದೆಯಾ ಎಂಬ ಮರುಕ ಕಣ್ಣಲ್ಲಿ ಕಾಣುತ್ತದೆ. ನಿಂತಲ್ಲೇ ಎರಡು ನಿಮಿಷದಲ್ಲಿ ವಿವರಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ನಳ ಬಂದಿತ್ತು. ನಮ್ಮಲ್ಲಿ ನಳ ಬಂದ ದಿನ ಮನೆಯ ಪಾತ್ರೆ ಪರಡಿಯೆಲ್ಲ ತುಂಬಿಡಬೇಕು, ಮತ್ತೆ ಯಾವಾಗ ಬರುತ್ತದೋ ಎಂಬ ಭಯ. ತುಂಬಿದ ಕೊಡ ಎತ್ತಿ ಸೊಂಟ ತಿರುಗಿಸಿದೆ. ಬೆನ್ನಲ್ಲಿ ಏನೋ ಕಟ್ಟಂತ ಆಯಿತು. ಸೊಂಟದ ಕೆಳಗಿನ ಡಿಸ್ಕ್ ಜಾರಿ ನರದ ಮೇಲೆ ಕೂತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. ಮಾತ್ರೆ, ಬೆಲ್ಟು, ಹಾಸಿಗೆ ವಿಶ್ರಾಂತಿ ಎಲ್ಲ ಆಗಿ ಕೊನೆಗೆ ಆಪರೇಷನ್ನೂ ಆಯಿತು. ಮೂರು ತಿಂಗಳು ಚೆನ್ನಾಗಿದ್ದೆ. ಆಮೇಲೆ ಬಲಗಾಲಿನಲ್ಲಿ ಉರಿ ಶುರುವಾಯಿತು.

ಆ ಉರಿಯ ಬಗ್ಗೆ ಹೇಳಲೇಬೇಕು. ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಖಾರದ ಪುಡಿ ತಿಕ್ಕಿದ ಹಾಗೆ. ಮುಟ್ಟಿದರೆ ಚರ್ಮ ತಣ್ಣಗೇ ಇರುತ್ತದೆ. ಕೆಂಪಿಲ್ಲ, ಬಾವಿಲ್ಲ, ನೋಡುವವರಿಗೆ ಏನೂ ಇಲ್ಲ. ಡಿಸ್ಕಿನ ಒತ್ತಡ ಹೋಗಿದ್ದರೂ ನರ ಮಾತ್ರ ಪೆಟ್ಟು ತಿಂದು ಸುಮ್ಮಸುಮ್ಮನೆ ನೋವಿನ ಸುದ್ದಿ ಕಳಿಸುತ್ತಲೇ ಇತ್ತು. ರಾತ್ರಿ ಎರಡು ಗಂಟೆಗೆ ಎದ್ದು ಹಾಸುಗಲ್ಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದೆ. ನರದ ನೋವಿಗೆ ಕೊಟ್ಟ ಮಾತ್ರೆಗಳು ಉರಿಯನ್ನು ಸ್ವಲ್ಪ ಇಳಿಸಿದವು, ತಲೆಯನ್ನು ಮಂಪರು ಮಾಡಿದವು. ಒಂದು ದಿನ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ಅರ್ಧಕ್ಕೆ ನಿಂತುಬಿಟ್ಟೆ. ಮುಂದಿನದು ನೆನಪಾಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಅವತ್ತು ಮನೆಗೆ ಬಂದು ತುಂಬಾ ಅತ್ತೆ.

ಮುಖದಲ್ಲಿ ಕಾಣದ ನೋವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಕುರ್ಚಿ ಮೇಲೆ ಕೂತು ಪಾಠ ಮಾಡಿದರೆ ಸೋಮಾರಿತನ. ಮಕ್ಕಳನ್ನು ಪಾಲ್ಕಿಗುಂಡು ಬೆಟ್ಟದ ಅಶೋಕನ ಶಾಸನ ತೋರಿಸಲು ಕರೆದೊಯ್ದಾಗ ನಾನು ಕೆಳಗೇ ಉಳಿದರೆ ನೆಪ. ಬಾಯಿ ಬಿಟ್ಟು ಹೇಳದವರೂ ಹಾಗೇ ನೋಡುತ್ತಿದ್ದರು. ಇದು ನನ್ನನ್ನು ಉರಿಗಿಂತ ಜಾಸ್ತಿ ಸುಟ್ಟಿತು.

ಬೆಂಗಳೂರಿನ ಒಬ್ಬ ನೋವಿನ ತಜ್ಞರ ಹತ್ತಿರ ಹೋಗಿದ್ದು ಮೂರು ವರ್ಷ ಹೀಗೆ ಕಳೆದ ಮೇಲೆ. ನರದ ಬೇರಿಗೆ ಎರಡು ಸಲ ಇಂಜೆಕ್ಷನ್ ಕೊಟ್ಟರು. ಪ್ರತಿ ಸಲವೂ ಕೆಲವು ವಾರದ ನೆಮ್ಮದಿ, ಮತ್ತೆ ಅದೇ ಉರಿ. ಆಮೇಲೆ ಅವರು ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಎಂಬ ಹೆಸರು ಹೇಳಿದರು. ಬೆನ್ನುಹುರಿಯ ಹೊರಪದರದ ಮೇಲೆ, ಮೂಳೆಯ ಒಳಗಿನ ಸಂದಿನಲ್ಲಿ, ತೆಳ್ಳನೆಯ ತಂತಿ ಇಡುತ್ತಾರೆ. ಚರ್ಮದ ಕೆಳಗೆ ಒಂದು ಸಣ್ಣ ಬ್ಯಾಟರಿ. ಅದು ಸಣ್ಣ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಕಾಲಿನಿಂದ ಮೆದುಳಿಗೆ ಹೋಗುವ ನೋವಿನ ಸುದ್ದಿ ದಾರಿಯಲ್ಲೇ ಮಂಕಾಗುತ್ತದೆ.

ವಿಜ್ಞಾನ ಹೇಳುವವಳಾದ್ದರಿಂದ ನನಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. ಓದಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ಒಂದು ವಿಚಾರ ಮಂಡಿಸಿದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದ ಹಾಗೆ. ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಚುರುಕಾದರೆ ಆ ಬಾಗಿಲು ಅರ್ಧ ಮುಚ್ಚುತ್ತದೆ. ಮಗು ಎಡವಿ ಬಿದ್ದರೆ ನಾವು ಪೆಟ್ಟಾದ ಜಾಗ ತಿಕ್ಕುತ್ತೇವಲ್ವಾ? ತಿಕ್ಕಿದ ಕೂಡಲೇ ನೋವು ಕಡಿಮೆ ಅನಿಸುತ್ತದೆ. ಅದೇ ಲೆಕ್ಕ. ಎರಡು ವರ್ಷದ ಮೇಲೆ, 1967ರಲ್ಲಿ, ಅಮೆರಿಕದ ನಾರ್ಮನ್ ಶೀಲಿ ಎಂಬ ಸರ್ಜನ್ ಕ್ಯಾನ್ಸರ್ ನೋವಿನಲ್ಲಿದ್ದ ರೋಗಿಯೊಬ್ಬರಿಗೆ ಮೊದಲ ಸಲ ಇಂಥ ಸಾಧನ ಅಳವಡಿಸಿದರು. ಈಗಿನ ಮಷೀನುಗಳು ಕೆಲಸ ಮಾಡುವ ರೀತಿಯೆಲ್ಲವನ್ನೂ ಆ ಬಾಗಿಲಿನ ಲೆಕ್ಕವೊಂದರಿಂದಲೇ ವಿವರಿಸಲಾಗದು ಎಂದು ಡಾಕ್ಟರೇ ಹೇಳಿದರು. ಆದರೂ ನನಗೆ ಹಿಡಿದುಕೊಳ್ಳಲು ಒಂದು ಚಿತ್ರ ಸಿಕ್ಕಿತು.

ಮಷೀನು ಹಾಕುವ ಮೊದಲು ಮನಶ್ಶಾಸ್ತ್ರಜ್ಞರನ್ನು ಕಾಣಬೇಕು ಅಂದರು. ನನಗೆ ಬಹಳ ಬೇಜಾರಾಯಿತು. ಇವರೂ ನನ್ನ ನೋವು ತಲೆಯಲ್ಲಿ ಹುಟ್ಟಿದ್ದು ಅಂದುಕೊಂಡರಾ? ಹೋಗಲೇಬಾರದು ಎಂದುಕೊಂಡಿದ್ದೆ. ಯಜಮಾನರು ಒತ್ತಾಯ ಮಾಡಿದರು. ಆ ಹೆಣ್ಣುಮಗಳು ನನ್ನನ್ನು ಮೊದಲು ಕೇಳಿದ್ದು, "ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡ್ತೀರಿ?" ಎಂದು. ಮೂರು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಆಮೇಲೆ, "ನೋವು ಪೂರ್ತಿ ಹೋಗದೆ ಅರ್ಧಕ್ಕೆ ಇಳಿದರೆ ಏನು ಮಾಡ್ತೀರಿ?" ಅಂದರು. ಥಟ್ಟನೆ ಉತ್ತರ ಬರಲಿಲ್ಲ. ಯೋಚಿಸಿ ಹೇಳಿದೆ, "ರಾತ್ರಿ ಮಲಗ್ತೀನಿ. ತರಗತಿಯಲ್ಲಿ ನಿಂತು ಪಾಠ ಹೇಳ್ತೀನಿ." ಅವರು ಅದನ್ನು ಬರೆದುಕೊಂಡರು. ಈ ಪರೀಕ್ಷೆ ನಾನು ಸುಳ್ಳು ಹೇಳುತ್ತಿದ್ದೇನಾ ಎಂದು ನೋಡುವುದಕ್ಕಲ್ಲ, ನನ್ನ ಆಸೆ ಎಷ್ಟು ದೊಡ್ಡದು ಎಂದು ಅಳೆಯುವುದಕ್ಕೆ ಎಂದು ಆಗ ಅರ್ಥವಾಯಿತು. ಯಾರಿಗಾದರೂ ಈ ಹಂತ ಬಂದರೆ ದಯವಿಟ್ಟು ಅವಮಾನ ಅಂದುಕೊಳ್ಳಬೇಡಿ.

ಇದರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮೊದಲು ಟ್ರಯಲ್ ಮಾಡುತ್ತಾರೆ. ತಂತಿ ಮಾತ್ರ ಒಳಗೆ, ಮಷೀನು ಹೊರಗೆ. ಏಳು ದಿನ ಅದನ್ನು ಕಟ್ಟಿಕೊಂಡು ಓಡಾಡಬೇಕು. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಮುಂದಿನ ಮಾತು. ಇಳಿಯದಿದ್ದರೆ ತಂತಿ ಎಳೆದು ತೆಗೆದು ಮನೆಗೆ ಕಳಿಸುತ್ತಾರೆ. ಕೊಂಡ ಮೇಲೆ ಪಶ್ಚಾತ್ತಾಪ ಪಡುವ ಚಿಕಿತ್ಸೆಗಳೇ ಜಾಸ್ತಿ ಇರುವಾಗ, ಕೊಳ್ಳುವ ಮುಂಚೆ ಉಟ್ಟು ನೋಡಲು ಬಿಡುವುದು ದೊಡ್ಡ ಮಾತು.

ಟ್ರಯಲ್ ದಿನ ಬೋರಲು ಮಲಗಿಸಿದರು. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಅಷ್ಟೇ, ಪೂರ್ತಿ ಎಚ್ಚರವಿದ್ದೆ. ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಸೂಜಿಯ ಒಳಗಿಂದ ತಂತಿಯನ್ನು ಮೇಲಕ್ಕೆ ನೂಕಿದರು. ನೋವು ಕಾಲಿನಲ್ಲಿ, ತಂತಿ ಮಾತ್ರ ಎದೆಗೂಡಿನ ಹಿಂದಿನ ಎಂಟನೇ ಬೆನ್ನುಮೂಳೆಯ ಹತ್ತಿರ! ಕಾಲಿನ ಸುದ್ದಿ ಹೊತ್ತ ನಾರುಗಳು ಅಲ್ಲಿ ಹಾದುಹೋಗುತ್ತವೆ ಎಂದು ವಿವರಿಸಿದರು. ಆಮೇಲೆ ಮಷೀನು ಹಚ್ಚಿದರು. "ಎಲ್ಲಿ ಗೊತ್ತಾಗ್ತಿದೆ?" ಮೊದಲು ಪಕ್ಕೆಲುಬಿನ ಸುತ್ತ ಜುಮ್ಮೆಂದಿತು. "ಇಲ್ಲಿ ಬ್ಯಾಡ್ರಿ" ಅಂದೆ. ಸ್ವಲ್ಪ ಸರಿಸಿದರು. ತೊಡೆಗೆ ಬಂತು. ಮತ್ತೆ ಸರಿಸಿದರು. ಆಗ ಬಲಗಾಲಿನ ಮೀನಖಂಡದಿಂದ ಹಿಮ್ಮಡಿವರೆಗೆ ಜೋಮು ಬಿಟ್ಟ ಹಾಗೆ ಜುಮುಜುಮು ಇಳಿಯಿತು. ಉರಿ ಇದ್ದ ಜಾಗದ ಮೇಲೇ ಬಂದು ಕೂತಿತು. ನಾನು ಮಾತಾಡಲಿಲ್ಲ. "ಏನಾಯ್ತಮ್ಮಾ?" ಅಂದರು. "ಅಲ್ಲೇ ಇರ್ಲಿ" ಅಂದೆ.

ಆ ಏಳು ದಿನ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಬೆನ್ನಿಗೆ ದೊಡ್ಡ ಪಟ್ಟಿ, ಸೊಂಟಕ್ಕೆ ಡಬ್ಬಿ. ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಬಗ್ಗಬಾರದು, ಕೈ ಮೇಲೆತ್ತಬಾರದು. ಒಂದು ನೋಟ್‌ಬುಕ್ ಇಟ್ಟು ದಿನಕ್ಕೆ ನಾಲ್ಕು ಸಲ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯುತ್ತಿದ್ದೆ. ನನಗೆ ಗೊತ್ತಿದ್ದ ಅಂಕ ಎಂಟು. ಎರಡನೇ ದಿನ ಐದು ಬರೆದೆ. ಬರೆದು, ಅಳಿಸಿ, ಮತ್ತೆ ಐದೇ ಬರೆದೆ. ಆಸೆಗೆ ಬಿದ್ದು ಕಡಿಮೆ ಬರೆಯುತ್ತಿದ್ದೇನಾ ಎಂಬ ಅನುಮಾನ. ನಾಲ್ಕನೇ ದಿನ ತಂಗಿಯ ಜೊತೆ ಬೀದಿಯ ಕೊನೆಯ ಅಂಗಡಿವರೆಗೆ ನಡೆದು ಕೊತ್ತಂಬರಿ ತಂದೆ. ವಾಪಸು ಬಂದು ಕೂತ ಮೇಲೆ ತಂಗಿ ಹೇಳಿದಳು, "ಅಕ್ಕಾ, ದಾರೀಲಿ ಒಂದ್ಸಲಾನೂ ನಿಲ್ಲಲಿಲ್ಲ ನೀನು." ನನಗೆ ಅದು ಗೊತ್ತೇ ಆಗಿರಲಿಲ್ಲ. ಎಂಟನೇ ದಿನ ತಂತಿ ತೆಗೆದರು. ಅವತ್ತು ರಾತ್ರಿ ಉರಿ ವಾಪಸು ಬಂತು. ಹಾಕಿಸಿಕೊಳ್ಳಬೇಕು ಎಂದು ತೀರ್ಮಾನಿಸಿದ್ದು ಆ ರಾತ್ರಿಯೇ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಹತ್ತು ಲಕ್ಷ ದಾಟಿತು. ಭಾಗ್ಯನಗರದ ಕಡೆ ಮನೆ ಕಟ್ಟಲೆಂದು ಕೊಂಡಿದ್ದ ಸೈಟು ಮಾರಿದೆವು. ಇನ್ಶೂರೆನ್ಸ್‌ನವರು ಮೊದಲು ಪೂರ್ತಿ ಇಲ್ಲ ಅಂದರು, ಎಂಟು ತಿಂಗಳು ಪತ್ರ ಬರೆದ ಮೇಲೆ ಒಂದು ಪಾಲು ಕೊಟ್ಟರು. ನಮಗೆ ಮಾರಲು ಸೈಟಾದರೂ ಇತ್ತು. ಇದೇ ಉರಿ ಇಟ್ಟುಕೊಂಡು ದಿನಗೂಲಿಗೆ ಹೋಗುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇರಬಹುದು. ಅವರಿಗೆ ಈ ಮಷೀನಿನ ಹೆಸರೂ ತಲುಪುವುದಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಚಾರ್ಜ್ ಮಾಡುವ ಬ್ಯಾಟರಿ ಬೇಕಾ, ಚಾರ್ಜ್ ಬೇಡದ್ದು ಬೇಕಾ ಎಂದು ಕೇಳಿದರು. ಚಾರ್ಜ್ ಬೇಡದ್ದನ್ನು ಕೆಲವು ವರ್ಷಕ್ಕೊಮ್ಮೆ ಆಪರೇಷನ್ ಮಾಡಿ ಬದಲಿಸಬೇಕು. ಚಾರ್ಜ್ ಮಾಡುವುದು ಸುಮಾರು ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಬರುತ್ತದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋಗಿಬರುವ ನನಗೆ ಚಾರ್ಜ್ ಮಾಡುವುದೇ ಸರಿ ಅನಿಸಿತು.

ಆಪರೇಷನ್ನಿನ ಹಿಂದಿನ ದಿನ ಸರ್ಜನ್ ಪೆನ್ನು ಹಿಡಿದು ಬಂದರು. "ಸೀರೆ ಎಲ್ಲಿ ಕಟ್ತೀರಿ? ಲಂಗದ ಲಾಡಿ ಎಲ್ಲಿ ಬರುತ್ತೆ ತೋರಿಸಿ. ಯಾವ ಮಗ್ಗುಲಲ್ಲಿ ಮಲಗ್ತೀರಿ?" ಎಂದು ಕೇಳಿದರು. ನಿಲ್ಲಿಸಿ ನೋಡಿದರು, ಕೂರಿಸಿ ನೋಡಿದರು. ಲಾಡಿಯ ಗೆರೆಗಿಂತ ಕೆಳಗೆ, ಕೂತಾಗ ಒತ್ತುವ ಜಾಗಕ್ಕಿಂತ ಮೇಲೆ, ಎಡ ಸೊಂಟದ ಹಿಂದೆ ಗುರುತು ಹಾಕಿದರು. ಆಗ ಇದೇನು ಅಷ್ಟು ಮುಖ್ಯ ಅನಿಸಿತ್ತು. ಈಗ ದಿನಾ ಬೆಳಿಗ್ಗೆ ಸೀರೆ ಉಡುವಾಗ ಅವರನ್ನು ನೆನೆಸುತ್ತೇನೆ. ಆ ಗುರುತು ಎರಡು ಬೆರಳು ಮೇಲೆ ಬಿದ್ದಿದ್ದರೆ ಲಾಡಿ ಬ್ಯಾಟರಿಯ ಮೇಲೇ ಕೂತು ದಿನವಿಡೀ ಉಜ್ಜುತ್ತಿತ್ತು. ಹಾಕಿಸಿಕೊಳ್ಳುವ ಹೆಣ್ಣುಮಕ್ಕಳು ಡಾಕ್ಟರು ಕೇಳದಿದ್ದರೂ ನೀವಾಗಿ ಲಾಡಿಯ ಜಾಗ ತೋರಿಸಿ.

ಮನೆಗೆ ಬಂದ ಮೇಲೆ ಮೊದಲ ಎಂಟು ವಾರ ಮೂರು ಬೇಡಗಳು. ಬಗ್ಗಬೇಡ, ತಿರುಚಬೇಡ, ಭಾರ ಎತ್ತಬೇಡ. ತಂತಿಯ ಸುತ್ತ ದೇಹ ತನ್ನ ನಾರು ಬೆಳೆಸಿ ಹಿಡಿದುಕೊಳ್ಳುವವರೆಗೆ ಅದು ಜಾರಬಹುದು. ಹೇಳಲು ಮೂರು ಮಾತು, ನಮ್ಮ ಮನೆಗಳಲ್ಲಿ ಬಗ್ಗದೆ ಇರುವುದು ಹೇಗೆ? ಕಸ ಗುಡಿಸಲು ಬಗ್ಗಬೇಕು. ರಂಗೋಲಿಗೆ ಬಗ್ಗಬೇಕು. ದೇವರಿಗೆ ಬಗ್ಗಬೇಕು, ಹಿರಿಯರ ಕಾಲಿಗೆ ಬಗ್ಗಬೇಕು. ಬಚ್ಚಲಲ್ಲಿ ತಂಬಿಗೆಯಿಂದ ನೀರು ಎತ್ತಿ ಹುಯ್ದುಕೊಳ್ಳಲೂ ಬಗ್ಗಿ ತಿರುಗಬೇಕು. ಕಮೋಡ್ ಹಾಕಿಸಿದೆವು. ಸ್ನಾನಕ್ಕೆ ಎತ್ತರದ ಸ್ಟೂಲು, ಬಕೆಟ್ ಇಡಲು ಕಟ್ಟೆ. ದೀಪಾವಳಿಗೆ ಬಂದ ದೊಡ್ಡತ್ತೆಗೆ ನಿಂತೇ ಕೈ ಮುಗಿದೆ. ಅವರೇ ಹತ್ತಿರ ಬಂದು ತಲೆ ಸವರಿದರು.

ರೊಟ್ಟಿ ಬಡಿಯುವುದೇ ದೊಡ್ಡ ಕಷ್ಟವಾಯಿತು. ಜೋಳದ ರೊಟ್ಟಿ ನೆಲದ ಮೇಲೆ ಕೂತು, ಮುಂದಕ್ಕೆ ವಾಲಿ, ತೋಳಿನ ಬಲದಲ್ಲಿ ತಟ್ಟುವಂಥದ್ದು. ಆ ಭಂಗಿಯಲ್ಲಿ ಬೆನ್ನಿಗೆ ವಿಶ್ರಾಂತಿ ಎಂಬುದೇ ಇಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ. ನಾನು ಸುಮ್ನೆ ಕೂತು ಅವರು ಬಡಿಯುವುದನ್ನು ನೋಡಲು ಆಗುತ್ತಿರಲಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ನನ್ನ ಸೊಂಟದ ಎತ್ತರಕ್ಕೆ ಒಂದು ಗಟ್ಟಿ ಮೇಜು ಮಾಡಿಸಿದೆವು. ನಿಂತು ಬಡಿಯುವುದನ್ನು ನಲವತ್ತೈದನೇ ವಯಸ್ಸಿಗೆ ಹೊಸದಾಗಿ ಕಲಿತೆ. ಮೊದಲ ವಾರದ ರೊಟ್ಟಿಗಳೆಲ್ಲ ಅಂಚು ಹರಿದವು. ಈಗ ಅತ್ತೆಯೂ ಆ ಮೇಜಿನ ಮುಂದೇ ನಿಲ್ಲುತ್ತಾರೆ.

ಆದರೂ ನಾಲ್ಕನೇ ತಿಂಗಳಲ್ಲಿ ತಪ್ಪು ಮಾಡಿದೆ. ಕಾಲು ಹಗುರವಾಗಿತ್ತು, ಹುಷಾರಾದೆ ಅನ್ನುವ ಧೈರ್ಯ ಬಂದಿತ್ತು. ನಳ ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಕೊಡ ಎತ್ತಿ ಒಳಗಿಟ್ಟೆ. ಸಂಜೆಯ ಹೊತ್ತಿಗೆ ಕಾಲಿನ ಜುಮುಜುಮು ಮಾಯ. ಬದಲಿಗೆ ಎಡ ಪಕ್ಕೆಯಲ್ಲಿ ಮಿಡಿತ. ಎದೆ ಧಸಕ್ಕೆಂದಿತು. ಎಕ್ಸ್‌ರೇ ತೆಗೆಸಿ ಕಳಿಸಿದರೆ, ಒಂದು ತಂತಿ ಸ್ವಲ್ಪ ಜಾರಿದೆ ಅಂದರು. ಆ ರಾತ್ರಿಯ ರೈಲಿನಲ್ಲೇ ಹೊರಟೆವು. ಆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಮಾರಿದ ಸೈಟೇ ಕೂತಿತ್ತು. ಪುಣ್ಯಕ್ಕೆ ಮತ್ತೆ ಕೊಯ್ಯಬೇಕಾಗಲಿಲ್ಲ. ಒಂದೊಂದು ತಂತಿಯಲ್ಲೂ ಎಂಟು ಬಿಂದುಗಳಿವೆ, ಯಾವ ಬಿಂದುವಿನಿಂದ ಮಿಡಿತ ಬರಬೇಕು ಎಂಬುದನ್ನು ಹೊರಗಿನಿಂದಲೇ ಬದಲಿಸಬಹುದು. ಪ್ರೋಗ್ರಾಂ ಮಾಡುವ ಹುಡುಗಿ ಎರಡು ಗಂಟೆ ಕೂತು, ಒಂದೊಂದೇ ಬಿಂದು ಹಚ್ಚಿ ಆರಿಸಿ, ಜುಮುಜುಮುವನ್ನು ಕಾಲಿಗೆ ವಾಪಸು ತಂದಳು. ಹೊರಡುವಾಗ, "ನೋವು ಕಡಿಮೆಯಾದಾಗಲೇ ಜಾಸ್ತಿ ಜಾಗ್ರತೆ ಬೇಕು ಮೇಡಂ" ಅಂದಳು. ನಮ್ಮ ಮಗಳ ವಯಸ್ಸಿನವಳು.

ದಿನದ ಬದುಕು ಹೇಗೆ ಎಂದು ಕೇಳಿದರೆ ಹೀಗೆ ಹೇಳಬಹುದು. ನನ್ನ ರಿಮೋಟಿನಲ್ಲಿ ಎರಡು ಪ್ರೋಗ್ರಾಂ ಇವೆ. ಹಗಲಿನದು ಜುಮುಜುಮು ಗೊತ್ತಾಗುವಂಥದ್ದು, ಸೆಕೆಂಡಿಗೆ 50ರ ಆಸುಪಾಸು ಮಿಡಿತ. ನಮ್ಮ ಮನೆಯ ಕರೆಂಟೂ 50 ಹರ್ಟ್ಸ್ ತಾನೇ, ಮಕ್ಕಳಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ರಾತ್ರಿಯದರಲ್ಲಿ ಏನೂ ಗೊತ್ತಾಗುವುದಿಲ್ಲ, ನೋವು ಮಾತ್ರ ಮೆತ್ತಗಾಗುತ್ತದೆ. ಹಗಲಿನ ಪ್ರೋಗ್ರಾಂನಲ್ಲೇ ಅಂಗಾತ ಮಲಗಿದರೆ ಜುಮುಜುಮು ಜೋರಾಗುತ್ತದೆ, ಏಕೆಂದರೆ ಮಲಗಿದಾಗ ಬೆನ್ನುಹುರಿ ತಂತಿಯ ಕಡೆಗೆ ಸರಿಯುತ್ತದೆ. ಕೆಮ್ಮಿದರೆ, ಸೀನಿದರೆ ಒಂದು ಕ್ಷಣ ಝಲ್ಲೆನ್ನುತ್ತದೆ. ಮೊದಮೊದಲು ಕೂಗಿಬಿಡುತ್ತಿದ್ದೆ. ಈಗ ಸೀನು ಬರುವ ಮುನ್ಸೂಚನೆ ಸಿಕ್ಕರೆ ಗೋಡೆ ಹಿಡಿಯುತ್ತೇನೆ. ಸ್ಕೂಟಿ ಓಡಿಸುವಾಗ ಹಗಲಿನ ಪ್ರೋಗ್ರಾಂ ಆಫ್ ಮಾಡಲೇಬೇಕು. ಹಂಪ್ ಹಾರಿದಾಗ ಕಾಲು ಝಲ್ಲೆಂದರೆ ಬ್ರೇಕು ತಪ್ಪುತ್ತದೆ. ನಮ್ಮ ರಸ್ತೆಯ ಹಂಪುಗಳನ್ನು ನೀವು ನೋಡಿದ್ದೀರಲ್ವಾ. ಹಾಗಾಗಿ ಶಾಲೆಗೆ ಬಸ್ಸಿನಲ್ಲೇ ಹೋಗುತ್ತೇನೆ, ಹಿಂದಿನ ಸೀಟು ಬಿಟ್ಟು.

ಚಾರ್ಜಿಂಗ್ ವಾರಕ್ಕೊಮ್ಮೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು, ಆದ್ದರಿಂದ ಶನಿವಾರ. ಸೊಂಟಕ್ಕೆ ಬೆಲ್ಟು ಕಟ್ಟಿ, ಅದರೊಳಗಿನ ಚಪ್ಪಟೆ ಸುರುಳಿಯನ್ನು ಬ್ಯಾಟರಿಯ ಮೇಲೆ ಸರಿಯಾಗಿ ಕೂರಿಸಿದರೆ ಚರ್ಮದಾಚೆಯಿಂದಲೇ ಚಾರ್ಜ್ ಆಗುತ್ತದೆ. ಬದಲಾಗುವ ಅಯಸ್ಕಾಂತ ಕ್ಷೇತ್ರ ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ ಎಂದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ಸಂಗತಿಯನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಸುರುಳಿ ಬರೆದು ಪಾಠ ಮಾಡಿದವಳು ನಾನು. ಅದೇ ಈಗ ನನ್ನ ಸೊಂಟದಲ್ಲಿ ನಡೆಯುತ್ತದೆ ಎಂದು ನೆನೆದಾಗ ಮೈ ಜುಮ್ಮೆನ್ನುತ್ತದೆ. ಸುಮಾರು ಎರಡು ಗಂಟೆ ಬೇಕು. ಸುರುಳಿ ಸ್ವಲ್ಪ ಸರಿದರೂ ಪೀಂಯ್ ಎಂದು ಕೂಗುತ್ತದೆ.

ಏಪ್ರಿಲ್, ಮೇ ತಿಂಗಳು ಮಾತ್ರ ಬೇರೆ ಲೆಕ್ಕ. ಚಾರ್ಜ್ ಆಗುವಾಗ ಆ ಜಾಗ ಬೆಚ್ಚಗಾಗುತ್ತದೆ. ನಮ್ಮ ಬಿಸಿಲಿಗೆ ಚರ್ಮ ಮೊದಲೇ ಕಾದಿರುತ್ತದೆ, ಬೆಲ್ಟಿನ ಕೆಳಗೆ ಬೆವರು. ಜಾಸ್ತಿ ಬಿಸಿಯಾದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ಒಂದು ಬೇಸಿಗೆ ಪೂರ್ತಿ ಇದರ ಜೊತೆ ಗುದ್ದಾಡಿದ ಮೇಲೆ ದಾರಿ ಸಿಕ್ಕಿತು. ಬೇಸಿಗೆಯಲ್ಲಿ ಬೆಳಗಿನ ಜಾವ ಐದಕ್ಕೆ, ತೆಳ್ಳನೆಯ ಹತ್ತಿ ಬಟ್ಟೆಯ ಮೇಲೆ ಬೆಲ್ಟು ಕಟ್ಟಿ, ಕೂಲರ್ ಮುಂದೆ ಕೂರುತ್ತೇನೆ. ಕರೆಂಟಿನ ನಂಬಿಕೆ ಇಲ್ಲ. ಆದರೆ ಚಾರ್ಜರ್‌ಗೂ ತನ್ನದೇ ಬ್ಯಾಟರಿ ಇದೆ. ಅದನ್ನು ಶುಕ್ರವಾರವೇ ತುಂಬಿಸಿಟ್ಟರೆ ಶನಿವಾರ ಕರೆಂಟ್ ಹೋದರೂ ತೊಂದರೆಯಿಲ್ಲ. ನೀರು ತುಂಬಿಡುವ ಊರಿನವಳಿಗೆ ಈ ಅಭ್ಯಾಸ ಬೇಗ ಕೈಗೆ ಬಂತು.

ಒಂದೇ ಒಂದು ಸಲ ಮರೆತೆ. ಯುಗಾದಿಗೆ ಮನೆ ತುಂಬ ನೆಂಟರು. ಎರಡು ಶನಿವಾರ ತಪ್ಪಿತು. ರಾತ್ರಿ ಮೂರಕ್ಕೆ ಉರಿ ಎಬ್ಬಿಸಿತು. ಖಾರದ ಪುಡಿ, ತೊಡೆಯಿಂದ ಹಿಮ್ಮಡಿವರೆಗೆ, ಹಳೆಯದೇ. ರಿಮೋಟ್ ಒತ್ತಿದರೆ ಬ್ಯಾಟರಿ ಖಾಲಿ. ಕತ್ತಲಲ್ಲಿ ಬೆಲ್ಟು ಕಟ್ಟಿಕೊಂಡು ಕೂತೆ. ಹೊರಗೆ ಮೊದಲ ಬಸ್ಸಿನ ಸದ್ದು ಬರುವ ಹೊತ್ತಿಗೆ ಕಾಲು ಮೆಲ್ಲಗೆ ಜುಮುಗುಟ್ಟಿತು. ಎಂಟು ಅಂಕದ ನೋವು ಎಂದರೆ ಏನು ಎಂಬುದನ್ನು ನಾನೇ ಮರೆಯುತ್ತಾ ಬಂದಿದ್ದೆ ಎಂದು ಅವತ್ತು ತಿಳಿಯಿತು. ಆಮೇಲೆ ಅತ್ತೆ ಶನಿವಾರ ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಕೇಳುತ್ತಾರೆ, "ಬೆಲ್ಟ್ ಕಟ್ಟಿಕೊಂಡೇನವ್ವಾ?" ಪೂರ್ತಿ ಹೋತೇನು ಎಂದು ಕೇಳುವುದನ್ನು ಅವರು ಬಿಟ್ಟಿದ್ದಾರೆ.

ಒಂದು ಅಪಾಯದ ಸಂಗತಿ ಹೇಳದೆ ಮುಂದೆ ಹೋಗಲಾರೆ. ಭುಜ ಹಿಡಿದುಕೊಂಡಿತ್ತೆಂದು ಒಂದು ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋಗಿದ್ದೆ. ಮಲಗಿಸಿ, ಬಿಸಿ ಕೊಡುವ ಮಷೀನು ಹತ್ತಿರ ಎಳೆದರು. ಡಯಾಥರ್ಮಿ ಏನ್ರಿ ಎಂದು ಕೇಳಿದೆ. ಹೌದು ಅಂದರು. ತಟ್ಟನೆ ಎದ್ದು ಕೂತೆ. ಮೈಯೊಳಗೆ ನನ್ನಂಥ ಮಷೀನು ಇರುವವರಿಗೆ ಅದು ಪೂರ್ತಿ ನಿಷಿದ್ಧ. ಮೈಯ ಯಾವ ಭಾಗಕ್ಕೆ ಕೊಟ್ಟರೂ ಅದರ ಶಕ್ತಿ ತಂತಿಯ ಮೂಲಕ ಹರಿದು ಬೆನ್ನುಹುರಿಯ ಪಕ್ಕದಲ್ಲೇ ಸುಡಬಹುದು, ಒಳಗಿನ ಮಷೀನು ಆಫ್ ಇದ್ದರೂ. ಬರುವಾಗಲೇ ಫಾರಂನಲ್ಲಿ ಬರೆದಿದ್ದೆ, ಯಾರೂ ಓದಿರಲಿಲ್ಲ. ಅಂದಿನಿಂದ ಬರೆದುಕೊಟ್ಟು ಸುಮ್ಮನಾಗುವುದಿಲ್ಲ, ಬಾಯಿಬಿಟ್ಟು ಹೇಳುತ್ತೇನೆ. ಒಳಗಿನ ಮಷೀನಿನ ವಿವರ ಇರುವ ಪೇಷಂಟ್ ಕಾರ್ಡು ಮಾಂಗಲ್ಯದಷ್ಟೇ ಜೋಪಾನ. ಅದರ ಕನ್ನಡ ಸಾರಾಂಶವನ್ನು ನಾನೇ ದಪ್ಪಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದ್ದೇನೆ. ಎಂಆರ್‌ಐ ಮಾಡುವುದಿದ್ದರೆ ಮೊದಲು ಈ ಮಾಡೆಲ್‌ಗೆ ಯಾವ ಷರತ್ತು ಎಂದು ನೋಡಬೇಕು, ಮಷೀನನ್ನು ಎಂಆರ್‌ಐ ಸ್ಥಿತಿಗೆ ತರಬೇಕು. ಬಟ್ಟೆ ಅಂಗಡಿ ಬಾಗಿಲ ಕಳ್ಳತನ ತಡೆಯುವ ಗೇಟುಗಳ ಹತ್ತಿರ ನಿಲ್ಲದೆ ನಡುವೆ ಹಾದುಹೋಗಬೇಕು. ಪ್ರಯೋಗಾಲಯದ ದೊಡ್ಡ ಅಯಸ್ಕಾಂತಗಳನ್ನು ಈಗ ನಾನು ಸೊಂಟದ ಹತ್ತಿರ ತರುವುದಿಲ್ಲ, ಮಕ್ಕಳೇ ಹಿಡಿದು ತೋರಿಸುತ್ತಾರೆ.

ಮಕ್ಕಳಿಗೆ ಎಲ್ಲ ಹೇಳಿದ್ದೇನೆ. ಮುಚ್ಚಿಟ್ಟರೆ ಕತೆ ಕಟ್ಟುತ್ತಾರೆ. ಎಂಟನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ನಿಮ್ಮನ್ನ ಮುಟ್ಟಿದ್ರ ಶಾಕ್ ಹೊಡೀತೈತೇನ್ರಿ?" ಎಂದು ಕೇಳಿದ. ಬಾ ಎಂದು ಕರೆದು ಕೈ ಕೊಟ್ಟೆ. ಮುಟ್ಟಿ ನೋಡಿ ನಾಚಿಕೊಂಡ. ಪ್ರಾಚೀನ ರೋಮಿನ ಸ್ಕ್ರೈಬೋನಿಯಸ್ ಲಾರ್ಗಸ್ ಎಂಬ ವೈದ್ಯ ನೋವಿರುವ ಜಾಗಕ್ಕೆ ಕರೆಂಟ್ ಹೊಡೆಯುವ ಮೀನು ಇಡಲು ಹೇಳುತ್ತಿದ್ದ ಕತೆ ಹೇಳಿದೆ. ಆ ಪೀರಿಯಡ್ಡು ಪೂರ್ತಿ ಮೀನಿನಲ್ಲೇ ಮುಗಿಯಿತು. ಪೂರ್ತಿ ನಲವತ್ತು ನಿಮಿಷ ನಿಂತಿದ್ದೆ.

ಹಾಗಾದರೆ ಬ್ಯಾನಿ ಎಷ್ಟು ಉಳಿದಿದೆ? ಒಳ್ಳೆಯ ದಿನ ಮೂರು, ಕೆಟ್ಟ ದಿನ ಐದು. ಮಾತ್ರೆ ಪೂರ್ತಿ ಬಿಟ್ಟಿಲ್ಲ, ಮೊದಲಿನ ಅರ್ಧಕ್ಕಿಂತ ಕಡಿಮೆ ಇದೆ. ಮೋಡ ಕವಿದು ತಂಪು ಗಾಳಿ ಬೀಸಿದರೆ ಉರಿ ತಲೆ ಎತ್ತುತ್ತದೆ. ರಾತ್ರಿ ಆರು ಗಂಟೆ ನಿದ್ದೆ ಬರುತ್ತದೆ. ಬೆಳಿಗ್ಗೆ ಗವಿಮಠದ ಕೆರೆಯ ಕಡೆ ನಡೆದು ಬರುತ್ತೇನೆ. ಕಳೆದ ವರ್ಷ ಪಾಲ್ಕಿಗುಂಡಿಗೆ ಮಕ್ಕಳನ್ನು ಕರೆದೊಯ್ದಾಗ ನಿಧಾನಕ್ಕೆ, ಎರಡು ಕಡೆ ಕೂತು, ಶಾಸನದ ಬಂಡೆಯವರೆಗೆ ಹತ್ತಿದೆ.

ಈ ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ನಮ್ಮ ಓಣಿಯಿಂದಲೂ ದಾಸೋಹಕ್ಕೆ ರೊಟ್ಟಿ ಹೋಯಿತು. ಪ್ರತಿ ವರ್ಷ ಹೆಂಗಸರೆಲ್ಲ ಸೇರಿ ಬಡಿಯುತ್ತಾರೆ. ಐದಾರು ವರ್ಷ ನಾನು ಹಿಟ್ಟು ಕೊಟ್ಟು ಮನೆಯಲ್ಲೇ ಉಳಿದಿದ್ದೆ. ಈ ಸಲ ನನ್ನ ಮೇಜನ್ನು ಇಬ್ಬರು ಹುಡುಗರು ಹೊತ್ತು ತಂದು ಓಣಿಯ ಗುಡಿಯ ಮುಂದೆ ಇಟ್ಟರು. ಉಳಿದವರು ನೆಲದ ಮೇಲೆ ಸಾಲಾಗಿ ಕೂತರು, ನಾನು ನಿಂತೆ. ಮೂವತ್ತನೇ ರೊಟ್ಟಿಯ ಹೊತ್ತಿಗೆ ಹಿಮ್ಮಡಿಯಲ್ಲಿ ಉರಿ ಶುರುವಾಯಿತು. ರಿಮೋಟ್ ತೆಗೆದು ಒಂದು ಮೆಟ್ಟಿಲು ಏರಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿ ನೋಡಿ, "ಬ್ಯಾನಿ ಪೂರ್ತಿ ಹೋತೇನವ್ವಾ?" ಎಂದು ಕೇಳಿದರು.

"ಇಲ್ಲಬೇ. ಇನ್ನೂ ಹತ್ತು ರೊಟ್ಟಿ ಆಗ್ತಾವ" ಅಂದೆ. ಹನ್ನೆರಡು ಬಡಿದೆ. ಆಮೇಲೆ ಕೈ ತೊಳೆದುಕೊಂಡು ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ರೊಟ್ಟಿಯ ಗಂಟುಗಳನ್ನು ಟ್ರ್ಯಾಕ್ಟರಿಗೆ ಹೇರುವುದನ್ನು ನೋಡುತ್ತಿದ್ದೆ.